ಅಯ್ಯನವರ ಎಡೆ

ಗಿರಾಕಿಯ ಬೆತ್ತದ ಬುಟ್ಟಿಯ ಅಂಚಿನ ಮೇಲೆ ಒಂದು ನೊಣ ಬಂದು ಕೂತಿತ್ತು. ಈರಬಸಪ್ಪ ಅದನ್ನೇ ನೋಡುತ್ತ, ಎದುರಿನ ಹೆಂಗಸು ರವಿಕೆಗೆ ಹಸಿರು ಖಣ ಕೇಳಿದಳೋ ಕೆಂಪು ಕೇಳಿದಳೋ ಎಂಬುದನ್ನು ಮರೆತ. ಕೈ ಮಾತ್ರ ಮರೆತಿರಲಿಲ್ಲ. ವರ್ಷಗಟ್ಟಲೆ ಖಣ ಬಿಚ್ಚಿ ಮಡಚಿದ ಕೈ ಅದು, ಅಟ್ಟಿಯಿಂದ ಒಂದೊಂದೇ ಗುಳೇದಗುಡ್ಡದ ಖಣ ಎಳೆದು ಬಿಳಿ ಹಾಸಿನ ಮೇಲೆ ಹರವುತ್ತಲೇ ಇತ್ತು. ನೊಣ ಹಿಂಗಾಲಿನಿಂದ ರೆಕ್ಕೆ ಒರೆಸಿಕೊಂಡಿತು, ಮುಂಗಾಲೆರಡನ್ನೂ ತಿಕ್ಕಿಕೊಂಡಿತು. ಶ್ರಾವಣದಲ್ಲಿ ಪುಣೆಯ ರವಿವಾರ ಪೇಠೆಯಲ್ಲಿ ನೊಣಕ್ಕೆ ಬರವೆ? ಬೆಲ್ಲದ ಅಂಗಡಿಯಿಂದ ಬಟ್ಟೆ ಅಂಗಡಿಗೆ, ಬಟ್ಟೆ ಅಂಗಡಿಯಿಂದ ಗಿರಾಕಿಯ ಮೂಗಿಗೆ, ಯಾರ ಹಂಗೂ ಇಲ್ಲದೆ ತಿರುಗುತ್ತವೆ. ಆದರೆ ಬೇಕೆಂದು ಕಾದು ಕೂತವನಿಗೆ ಒಂದೂ ದಕ್ಕುವುದಿಲ್ಲ. ಅವನಿಗೆ ಒಂದು ಬೇಕಾಗಿತ್ತು, ಅದೂ ಜೀವಂತವಾಗಿ. ಮನೆಯಲ್ಲಿ ಅವ್ವ ಶಿವಗಂಗವ್ವ ಸೋಮವಾರದಿಂದ ಉಂಡಿರಲಿಲ್ಲ. ಅವನು ತಂದ ಹಸಿರು ಹುಳು ಉಣ್ಣದೆ ತಾನೂ ಉಣ್ಣುವುದಿಲ್ಲವೆಂದು ಕೂತಿದ್ದಳು. ಆ ಹುಳು ತಿನ್ನುವುದು ನೊಣವನ್ನೇ ಹೊರತು ಹುಗ್ಗಿಯನ್ನಲ್ಲ ಎಂಬುದು ಇಡೀ ಮನೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಇವತ್ತು ಬುಧವಾರ.

ಎಡಗೈಯಲ್ಲಿ ಖಣ ಹಿಡಿದುಕೊಂಡೇ ಬಲಗೈಯನ್ನು ಬುಟ್ಟಿಯ ಕಡೆ ಸರಿಸಿದ. ಅವಸರ ಮಾಡಬಾರದೆಂಬುದನ್ನು ಆ ಹುಳುವಿನಿಂದಲೇ ಕಲಿತಿದ್ದ. ಕೈ ಅರ್ಧ ದಾರಿಯಲ್ಲಿ ನಿಂತಿತು, ಉಸಿರೂ ನಿಂತಿತು. ಆಮೇಲೆ ಚಟ್ಟನೆ ಬಾಚಿದ. ಬುಟ್ಟಿ ಉರುಳಿ ಅದರೊಳಗಿನ ಹೂವು, ಪತ್ರಿ, ಬಾಳೆಹಣ್ಣು ಹಾಸಿನ ತುಂಬ ಚೆಲ್ಲಿದವು. “ಅಗ ಬಾಈ!” ಎಂದು ಹೆಂಗಸು ಹಿಂದಕ್ಕೆ ಸರಿದಳು. ಜೊತೆಗೆ ಬಂದವಳು ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ಗಾದಿಯ ಮೇಲಿದ್ದ ಮಾವ ಮುರುಗೆಪ್ಪ, ಅವ್ವನ ತಮ್ಮ, ಹೆಂಡತಿ ರುದ್ರವ್ವನ ಅಪ್ಪ, ಅಂಗಡಿಯ ಮಾಲೀಕ, ಹೀಗೆ ಮೂರು ಕಡೆಯಿಂದಲೂ ಅವನನ್ನು ಬಯ್ಯುವ ಹಕ್ಕುಳ್ಳವನು, ಎದ್ದು ಬಂದು ಮರಾಠಿಯಲ್ಲಿ “ಬಸಾ ಬಾಈ, ಬಸಾ” ಎಂದು ಅವರನ್ನು ಕೂರಿಸಿ ತಾನೇ ಬಾಳೆಹಣ್ಣು ಆಯ್ದುಕೊಟ್ಟ. ಹೆಂಗಸರು ಖಣ ಕೊಂಡು ಹೋದ ಮೇಲೆ ಅಳಿಯನ ಕಡೆ ತಿರುಗಿದ.

“ಗಿರಾಕಿ ಇಲ್ಲದಾಗ ನೊಣಾ ಹೊಡೀತಾರಂತ ಕೇಳಿದ್ದೆ. ಗಿರಾಕಿ ಮುಂದ ಕೂತಾಗ ಹೊಡ್ಯಾವನ್ನ ಇವತ್ತ ನೋಡಿದೆ.”

ಈರಬಸಪ್ಪ ತಲೆ ತಗ್ಗಿಸಿದ. ಮುಷ್ಟಿಯೊಳಗೆ ಅದು ಗುಂಯ್‌ಗುಡುತ್ತಿತ್ತು.

“ಅಕ್ಕ ಇನ್ನೂ ಬಾಯಾಗ ಏನೂ ಹಾಕ್ಕೊಂಡಿಲ್ಲಂತ ರುದ್ರಿ ಹೇಳಿ ಕಳಿಸಿದ್ಳು,” ಎಂದು ಮುರುಗೆಪ್ಪ ದನಿ ಇಳಿಸಿದ. “ಆ ನಿಮ್ಮ ಹಸರ ಅಯ್ಯಾ ಏನ್ ತಿಂತಾನಂತ?”

“ಗೊತ್ತಿಲ್ರಿ ಮಾವ.”

“ಮನೀಗ್ಹೋಗು. ಕಾಲಿಗೆ ಬಿದ್ದರ ಉಣಸು ಆಕೀನ್ನ. ಮದಲ ಕಡ್ಡಿಯಾಗ್ಯಾಳ. ಆಕಿಗೇನಾರ ಆತಂದ್ರ ನಿನ್ನ ಮಾರಿ ನೋಡೂದಿಲ್ಲ ನಾ.”

ಓಣಿಯ ಆ ತುದಿಯ ವಾಡೆಯಲ್ಲಿ ಮಾವನೇ ಹಿಡಿದುಕೊಟ್ಟ ಎರಡು ಖೋಲಿಗಳಲ್ಲಿ ಅವರ ಸಂಸಾರ. ಮುಷ್ಟಿಯನ್ನು ಎದೆಗೊತ್ತಿಕೊಂಡು ನಡೆದ. ಟಾಂಗಾದವನೊಬ್ಬ ಬೈದು ಹೋದ. ಅಂಗಿಯೊಳಗೆ, ಮುಷ್ಟಿಯ ಹಿಂದೆಯೇ, ಲಿಂಗದ ಕರಡಿಗೆ ಇತ್ತು. ಅದು ತಣ್ಣಗೆ ಎದೆಗೆ ತಾಗುತ್ತಿತ್ತು, ಇದು ಬೆಚ್ಚಗೆ ಅಂಗೈಯಲ್ಲಿ ಕಚಗುಳಿಯಿಡುತ್ತಿತ್ತು. ನಡುವೆ ಅಂಗಿಯ ಬಟ್ಟೆಯಷ್ಟೇ. ಕೊಲ್ಲಲು ಒಯ್ಯುತ್ತಿದ್ದೇನೆ ಎಂದುಕೊಂಡ. ಛೆ, ಕೊಲ್ಲುವುದು ನಾನಲ್ಲವಲ್ಲ. ಕಟುಕರ ಅಂಗಡಿಗೆ ಕುರಿ ಹೊಡೆದುಕೊಂಡು ಹೋಗುವವನೂ ಹೀಗೇ ಅಂದುಕೊಳ್ಳುತ್ತಾನೇನೋ. ಅವ್ವ ಅಂಗಳದಲ್ಲಿ ಇರುವೆ ಸಾಲು ಕಂಡರೆ ಸೀರೆ ಎತ್ತಿ ಹಿಡಿದು ಸುತ್ತು ಹಾಕಿ ಹೋಗುವವಳು. ಚಿಕ್ಕಂದಿನಲ್ಲಿ ಗುಳೇದಗುಡ್ಡದಲ್ಲಿ ಅವನು ಕಡ್ಡಿಪೆಟ್ಟಿಗೆಯಲ್ಲಿ ಒಂದು ಹೊಳೆಯುವ ದುಂಬಿ ಸಾಕಿದ್ದ. ಜಾಲಿ ಎಲೆ ಹಾಕಿ, ದಿನಕ್ಕೆ ಹತ್ತು ಸಲ ತೆರೆದು ನೋಡಿ, ಅದರ ಬೆನ್ನಿನ ಬಣ್ಣ ಕದಿಯುವವನಂತೆ ಕೂತಿರುತ್ತಿದ್ದ. ಅವ್ವ ಬಯ್ಯಲಿಲ್ಲ, ಹೊಡೆಯಲಿಲ್ಲ. “ನಿನ್ನ ಹಿಂಗ ಪೆಟಿಗ್ಯಾಗ ಇಟ್ಟಿದ್ರ?” ಎಂದಷ್ಟೇ ಕೇಳಿದಳು. ಬಿಟ್ಟುಬಂದ. ಬಿಟ್ಟಮೇಲೆ ಇಡೀ ಸಂಜೆ ಅದನ್ನೇ ಹುಡುಕಿದ್ದು ಅವ್ವನಿಗೆ ಗೊತ್ತಿಲ್ಲ. ಅವ್ವನಿಗೆ ಗೊತ್ತಿಲ್ಲದ್ದು ಬಹಳ ಇತ್ತು ಎಂದೇ ಅವನು ತಿಳಿದಿದ್ದ.

ಸೋಮವಾರ ಬೆಳಿಗ್ಗೆ ಊರಾಚೆಯ ಕೋಥರೂಡಕ್ಕೆ ಹೋಗಿದ್ದ. ಅಲ್ಲಿಯ ಇನಾಮದಾರರ ಮನೆಯಲ್ಲಿ ಮರುದಿನ ಹೊಸ ಸೊಸೆಯ ಮಂಗಳಾಗೌರಿ ಪೂಜೆ. ಹೆಂಗಸರಿಗೆ ಉಡಿ ತುಂಬಲು ಖಣದ ಗಂಟು ಮುಟ್ಟಿಸಬೇಕಾಗಿತ್ತು. ಮುಟ್ಟಿಸಿ ತಿರುಗಿದರೆ ಇನ್ನೊಂದು ಕೆಲಸ. ನಾನಾ ಪೇಠೆಯ ಅಯ್ಯನವರನ್ನು ಊಟಕ್ಕೆ ಕರೆತರಬೇಕು. ಶ್ರಾವಣ ಸೋಮವಾರ ಜಂಗಮರೊಬ್ಬರಿಗೆ ಉಣ್ಣಿಸದೆ ಅವ್ವ ಉಣ್ಣುವುದಿಲ್ಲ. ಇದು ಅವಳು ಮದುವೆಯಾಗಿ ಬಂದಾಗಿನಿಂದ ನಡೆಸಿದ ನೇಮ. ಊರಲ್ಲಿ ಓಣಿಗೊಬ್ಬ ಅಯ್ಯ ಸಿಗುತ್ತಿದ್ದರು. ಪುಣೆಯಲ್ಲಿ ಅಯ್ಯನವರೆಂದರೆ ಮೊದಲೇ ಹೋಗಿ ಹಿಡಿದವರ ಪಾಲು. ಬೇಗ ಬೇಗ ನಡೆಯುತ್ತಿದ್ದ. ಹೊಲದ ಬೇಲಿಯಲ್ಲಿ ಒಂದು ಎಲೆ ಕುತ್ತಿಗೆ ತಿರುಗಿಸಿ ಅವನನ್ನು ನೋಡಿತು.

ಎಲೆಯಲ್ಲ, ಹುಳು. ಬೆರಳುದ್ದ, ಎಳೆ ಜೋಳದ ಗರಿಯ ಹಸಿರು. ಮುಂಗೈ ಎರಡನ್ನೂ ಎದೆಗೆ ಜೋಡಿಸಿ ಕೈಮುಗಿದು ನಿಂತಿತ್ತು. ತಲೆ ಮುಮ್ಮೂಲೆ, ಅದರ ಎರಡು ತುದಿಗೆ ಎರಡು ಕಣ್ಣು, ಕಣ್ಣೊಳಗೆ ಒಂದೊಂದು ಕರಿ ಚುಕ್ಕೆ. ಅವನು ಎಡಕ್ಕೆ ಸರಿದ, ಚುಕ್ಕೆಯೂ ಸರಿದು ಅವನನ್ನೇ ನೋಡಿತು. ಬಲಕ್ಕೆ ಸರಿದ, ಆಗಲೂ ಅಷ್ಟೇ. ಹುಳುಗಳು ಮನುಷ್ಯನನ್ನು ಕಾಣುತ್ತವೆ, ಹೆದರುತ್ತವೆ, ಹಾರಿಹೋಗುತ್ತವೆ, ಆದರೆ ನೋಡುವುದಿಲ್ಲ. ಇದು ನೋಡುತ್ತಿತ್ತು. ದಿನವಿಡೀ ಗಿರಾಕಿಗಳು ಅವನ ಕೈಯಲ್ಲಿನ ಖಣ ನೋಡುತ್ತಾರೆ, ಮಾವ ಅವನು ಚೆಲ್ಲಿದ್ದನ್ನು ನೋಡುತ್ತಾನೆ, ರುದ್ರವ್ವ ಅವನ ಹಿಂದಿನ ಗೋಡೆ ನೋಡುತ್ತ ಮಾತಾಡುತ್ತಾಳೆ. ಹೀಗೆ ಯಾರೂ ತನ್ನನ್ನು ಪೂರಾ ನೋಡಿ ಬಹಳ ದಿನವಾಗಿತ್ತು ಎನಿಸಿ ಅಲ್ಲೇ ಕುಕ್ಕರಗಾಲಲ್ಲಿ ಕೂತ. ಗಾಳಿ ಬೀಸಿದಾಗ ಅದು ಎಲೆಯಂತೆ ತೂಗಿತು. ಗಾಳಿ ನಿಂತ ಮೇಲೂ ಒಂದು ಕ್ಷಣ ಬೇಕೆಂದೇ ತೂಗಿತು. ಒಂದು ನೊಣ ಬಂತು. ಮುಗಿದ ಕೈ ಬಿಚ್ಚಿದ್ದು ಅವನಿಗೆ ಕಾಣಲೇ ಇಲ್ಲ. ನೊಣ ಆಗಲೇ ಅದರ ಮುಳ್ಳುಗೈಯಲ್ಲಿತ್ತು. ಪೂರಾ ತಿಂದು ಮುಗಿಸುವವರೆಗೂ ನೋಡಿದ. ತಲೆಯೆತ್ತಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಅಯ್ಯನವರು ಈಗಾಗಲೇ ಯಾರದೋ ಮನೆಯ ಮಣೆಯ ಮೇಲೆ ಕೂತಿರುತ್ತಾರೆ. ನಾನಾ ಪೇಠೆಗೆ ಹೋಗಲೂ ಇಲ್ಲ. ಹುಳುವನ್ನು ಮೆಲ್ಲಗೆ ರುಮಾಲಿನಲ್ಲಿ ಕಟ್ಟಿಕೊಂಡು ಲಕಡೀ ಪೂಲ ಸೇತುವೆ ದಾಟಿ, ಬರಿದಲೆಯಲ್ಲಿ ಮನೆಗೆ ಬಂದ.

ಹೊಸ್ತಿಲಲ್ಲಿ ಅವ್ವ, ಅಯ್ಯನವರ ಕಾಲಿಗೆ ನೀರು ಹಿಡಿದು ನಿಂತಿದ್ದಳು. ಒಳಗಿನಿಂದ ಗೋಧಿ ಹುಗ್ಗಿಯ ತುಪ್ಪದ ವಾಸನೆ. “ಅಯ್ನೋರೆಲ್ಲೋ?” ಎಂದಳು. ಅವನ ನಾಲಿಗೆಗೆ ಬುದ್ಧಿಯಿರಲಿಲ್ಲ. ರುಮಾಲು ಬಿಚ್ಚಿ, ಅರ್ಧ ನಗುತ್ತ, “ಈ ಸಲ ಇವರು ಬಂದಾರ ನೋಡವ್ವಾ,” ಎಂದ. ಬಯ್ಯುತ್ತಾಳೆ, ಆಮೇಲೆ ನಗುತ್ತಾಳೆ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದ. ಹುಳು ರುಮಾಲಿನ ಮಡಿಕೆಯಲ್ಲಿ ಎದ್ದು ನಿಂತು ಕೈಮುಗಿಯಿತು. ಅವ್ವ ಅದನ್ನು ಬಹಳ ಹೊತ್ತು ನೋಡಿದಳು. ನೋಡಿ, ಹೊಸ್ತಿಲಿಂದ ಪಕ್ಕಕ್ಕೆ ಸರಿದು ನಿಂತು, “ಬರ್ರಿ,” ಎಂದಳು.

ಅಂದಿನಿಂದ ಅದು ದೇವರ ಜಗಲಿಯ ಪಕ್ಕ, ಹಿತ್ತಾಳೆ ತಂಬಿಗೆಯಲ್ಲಿಟ್ಟ ಪತ್ರಿ ಟೊಂಗೆಯ ಮೇಲೆ. ಮೇಲೆ ಬಿದಿರುಕಡ್ಡಿ ಬಾಗಿಸಿ ಹೊದಿಸಿದ ಹಳೆ ಮಲಮಲ್ ಬಟ್ಟೆ. ಕಡ್ಡಿ ಬಾಗಿಸಿ ಕಟ್ಟಿದವನು ಈರಬಸಪ್ಪನೇ. ಅಷ್ಟು ಹುರುಪಿನಿಂದ ಅವನು ಮನೆಯ ಕೆಲಸ ಮಾಡಿದ್ದನ್ನು ತಾನು ನೋಡಿಯೇ ಇಲ್ಲವೆಂದು ರುದ್ರವ್ವ ಚುಚ್ಚಿದಳು. ಪಕ್ಕದ ಖೋಲಿಯ ಭಾಮಾಬಾಯಿ ಬಂದು ನೋಡಿ, ಅದು ಖಂಡೋಬಾ ದೇವರ ಕುದುರೆ, ಮನೆಗೆ ಬಂದರೆ ಒಳ್ಳೆಯದು ಎಂದು ಮರಾಠಿಯಲ್ಲಿ ಹೇಳಿ ತಂಬಿಗೆಗೆ ಅರಿಶಿನ ಹಚ್ಚಿ ಹೋದಳು. ಅವ್ವ ಬಟ್ಟೆಯ ಒಂದು ಅಂಚು ಸರಿಸಿಟ್ಟು, ತಂಬಿಗೆಯ ಮುಂದೆ ಪುಟ್ಟ ತಾಟಿನಲ್ಲಿ ಹುಗ್ಗಿ ಬಡಿಸಿದಳು. ಮಂಗಳವಾರ ಬಾಳೆಹಣ್ಣು, ಹಾಲು, ನೆನೆಸಿದ ಹೆಸರುಕಾಳು. ಬುಧವಾರ ಮತ್ತೆ ಹೊಸ ಹುಗ್ಗಿ. ನೀರು ಚಿಮುಕಿಸಿದಾಗ ಎಲೆಯ ಮೇಲಿನ ಹನಿಯನ್ನು ಹುಳು ಹೀರಿತು. “ನೀರು ಮುಟ್ಟಿದ್ರವಾ, ಇನ್ನ ಉಣತಾರ,” ಎಂದು ಅವ್ವ ಹಿಗ್ಗಿದಳು. ತಾನೂ ಅಷ್ಟೇ ನೀರು ಕುಡಿದಳು. ಮತ್ತೆ ಬೀಸಣಿಗೆ ಹಿಡಿದು ಕೂತಳು. ಅದೇ ತೊಡಕು. ಉಣ್ಣುವವರ ಎಡೆಯ ಮೇಲೆ ನೊಣ ಕೂಡಬಾರದೆಂದು ಅವ್ವ ಬೆಳಗಿನಿಂದ ಬೈಗಿನವರೆಗೆ ಬೀಸುತ್ತಿದ್ದಳು. ಹುಗ್ಗಿಯ ವಾಸನೆಗೆ ಊರ ನೊಣವೆಲ್ಲ ಕಿಟಕಿಗೆ ಬರುತ್ತಿತ್ತು, ಹುಳು ಕುತ್ತಿಗೆ ತಿರುಗಿಸಿ ಒಂದೊಂದನ್ನೂ ನೋಡುತ್ತಿತ್ತು, ಅವ್ವ ಭಕ್ತಿಯಿಂದ ಒಂದೊಂದನ್ನೂ ಓಡಿಸುತ್ತಿದ್ದಳು. ಅತಿಥಿಯ ಬಾಯಿಂದ ಅನ್ನ ಕಸಿಯುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ.

ಹೇಳಿಬಿಡಬಹುದಿತ್ತು. ಒಂದು ಮಾತು. ಆದರೆ ಯಾವ ಮಾತು? ಅವ್ವಾ, ನೀನು ಶ್ರಾವಣದಲ್ಲಿ ಜಗಲಿಯ ಬಳಿ ಕೂರಿಸಿಕೊಂಡದ್ದು ಮಾಂಸ ತಿನ್ನುವುದನ್ನು ಎಂದೆ? ನಾನು ಅಯ್ಯನವರ ಮನೆಗೆ ಹೋಗಲೇ ಇಲ್ಲ, ಬೇಲಿಯ ಬುಡದಲ್ಲಿ ಕೂತು ನೊಣ ಸಾಯುವುದನ್ನು ಸವಿದೆ ಎಂದೆ? ಅದು ತಿಳಿದರೆ ಪ್ರಾಯಶ್ಚಿತ್ತವೆಂದು ಇನ್ನೆಷ್ಟು ದಿನ ಉಪವಾಸ ಕೂರುತ್ತಾಳೋ. “ಬಿಟ್ಟು ಬರ್ರಿ ಅದನ್ನ,” ಎಂದು ರುದ್ರವ್ವ ಅಡಿಗೆ ಒಲೆಯ ಮುಂದೆ ಪಿಸುಗುಟ್ಟಿದ್ದಳು. ಬಿಟ್ಟರೆ ಬಂದವರು ಹಸಿದು ಹೋದರೆಂದು ಅವ್ವ ಮುಂದೆಂದೂ ನೆಮ್ಮದಿಯಾಗಿ ಉಣ್ಣಲಾರಳು. ಇದೆಲ್ಲ ನಿಜವೇ. ಆದರೆ ಇದೆಲ್ಲದರ ಅಡಿಯಲ್ಲಿ ಇನ್ನೊಂದು ನಿಜವಿತ್ತು, ಅದು ಅವನಿಗೆ ನಾಚಿಕೆ ತರಿಸುತ್ತಿತ್ತು. ಬಿಡಲು ಅವನಿಗೆ ಮನಸ್ಸಿರಲಿಲ್ಲ. ಬೆಳಿಗ್ಗೆ ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ದಿಟ್ಟಿ ನೆಡಬೇಕು. ಅವನ ದಿಟ್ಟಿ ಒಂದು ದಿನವೂ ನೆಟ್ಟಿರಲಿಲ್ಲ, ಖಣದ ಅಂಚಿಗೆ ಹೋಗುತ್ತಿತ್ತು, ಮಾವನ ಮಾತಿಗೆ ಹೋಗುತ್ತಿತ್ತು, ಹೊಟ್ಟೆಯ ಕಡೆಗಂತೂ ಹೋಗಿಯೇ ಹೋಗುತ್ತಿತ್ತು. ಈ ಮೂರು ದಿನ ಹುಳುವಿನ ಮುಂದೆ ಕೂತಾಗ ಮಾತ್ರ ಕದಲದೆ ನಿಂತಿತ್ತು. ದೇವರ ಮುಂದೆ ಬಾರದ ಏಕಾಗ್ರತೆ ಒಂದು ಹುಳುವಿನ ಮುಂದೆ ಬಂತೆಂದು ಯಾರಿಗೆ ಹೇಳುವುದು?

ಮನೆ ಹೊಕ್ಕಾಗ ರುದ್ರವ್ವ ಬಾಗಿಲಲ್ಲೇ ತಡೆದಳು.

“ಈಗಷ್ಟ ಏಳಾಕ ಹೋಗಿ ಜೋಲಿ ಹೊಡದ್ರು. ಗ್ವಾಡಿ ಹಿಡಕೊಂಡ್ರು, ಇಲ್ಲಂದ್ರ ತಲಿ ಒಡೀತಿತ್ತು. ನಾ ಅಂಬಲಿ ಬಾಯಿಗೆ ಹಿಡದ್ರ ಮಾರಿ ತಿರುವಿದ್ರು. ನೀವರ ಏನಾರ ಮಾಡ್ರಿ.” ಅವಳ ಕಣ್ಣು ಈ ಸಲ ಗೋಡೆಯ ಮೇಲಿರಲಿಲ್ಲ. ಅತ್ತಿದ್ದಳು.

ಅವ್ವ ಗೋಡೆಗೊರಗಿ ಕೂತಿದ್ದಳು. ಕೈ ಬೀಸಣಿಗೆಯನ್ನು ಆಡಿಸುತ್ತಿತ್ತೋ, ಬೀಸಣಿಗೆ ಕೈಯನ್ನು ಆಡಿಸುತ್ತಿತ್ತೋ ಹೇಳುವಂತಿರಲಿಲ್ಲ. ಕಣ್ಣು ಮುಚ್ಚಿತ್ತು. ಅವನು ಸದ್ದಾಗದಂತೆ ತಂಬಿಗೆಯ ಮುಂದೆ ಕೂತು ಮಲಮಲ್ಲನ್ನು ಎತ್ತಿದ, ಮುಷ್ಟಿ ತೆರೆದ. ನೊಣ ಹಾರಲಿಲ್ಲ. ದಾರಿಯಲ್ಲಿ ಯಾವಾಗಲೋ ಮುಷ್ಟಿ ಬಿಗಿದು ಸತ್ತು, ಅಂಗೈಗೆ ಅಂಟಿಕೊಂಡಿತ್ತು. ಆದರೂ ಬೆರಳ ತುದಿಯಲ್ಲಿ ತೆಗೆದು ಹುಳುವಿನ ಮುಂದೆ ಹಿಡಿದ. ತಗೋ. ತಗೋ ಮಾರಾಯ. ಹುಳು ಬೆರಳನ್ನು ನೋಡಲಿಲ್ಲ, ನೊಣವನ್ನೂ ನೋಡಲಿಲ್ಲ, ಕುತ್ತಿಗೆ ಎತ್ತಿ ಅವನ ಮುಖ ನೋಡಿತು. ಅಂಗಡಿಯಲ್ಲಿ ಆ ಹೆಂಗಸು ನಕ್ಕಾಗಲೂ ಅವನಿಗೆ ಇಷ್ಟು ಅವಮಾನವೆನಿಸಿರಲಿಲ್ಲ. ಸತ್ತದ್ದನ್ನು ಅದು ಊಟವೆಂದೇ ಎಣಿಸುವುದಿಲ್ಲ. ಕೊಂದ ಪಾಪ ಬಂತು, ಕೊಂದದ್ದು ಯಾರ ಹೊಟ್ಟೆಗೂ ಆಗಲಿಲ್ಲ. ಕೈಯನ್ನು ಧೋತರಕ್ಕೆ ಒರೆಸಿಕೊಂಡ.

ಬೀಸಣಿಗೆ ಅವ್ವನ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

ಎತ್ತಿಕೊಳ್ಳಲು ಬಾಗಿದವನು ಅಲ್ಲೇ ನಿಂತ. ಕಿಟಕಿಯಿಂದ ಒಂದು ನೊಣ ಬಂದು ಹುಗ್ಗಿಯ ಮೇಲೆ ಇಳಿಯಿತು. ಹಿಂದೆಯೇ ಇನ್ನೊಂದು. ಮೊದಲನೆಯದು ಹುಗ್ಗಿಯನ್ನು ಅಲ್ಲಿ ಇಲ್ಲಿ ಮುಟ್ಟಿ ಹೀರಿತು, ತಾಟಿನ ಅಂಚಿಗೆ ಬಂದು ಕೈ ತಿಕ್ಕಿಕೊಂಡಿತು, ಹಾರಿ ತಂಬಿಗೆಯ ಕಂಠದ ಮೇಲೆ ಕೂತಿತು. ಹುಳುವಿನ ತಲೆ ತಿರುಗಿತು. ಮೈ ತೂಗಲಾರಂಭಿಸಿತು, ಗಾಳಿಯೇ ಇರಲಿಲ್ಲ. ತನ್ನ ಮೈಯೂ ತೂಗುತ್ತಿದೆ ಎಂದು ಈರಬಸಪ್ಪನಿಗೆ ತಡವಾಗಿ ತಿಳಿಯಿತು. ಹುಶ್ ಎಂದರೆ ಸಾಕಿತ್ತು, ಆ ಜೀವ ಉಳಿಯುತ್ತಿತ್ತು. ಅವ್ವನಾಗಿದ್ದರೆ ಅನ್ನುತ್ತಿದ್ದಳು. ಅವನು ಅನ್ನಲಿಲ್ಲ. ಅವ್ವನಿಗಾಗಿ ಸುಮ್ಮನಿದ್ದೇನೆ ಎಂದು ಹೇಳಿಕೊಂಡ, ಆ ಮಾತು ಅರ್ಧ ಮಾತ್ರ ನಿಜವೆಂದೂ ಅವನಿಗೆ ಗೊತ್ತಿತ್ತು. ನೊಣ ಕೊಂಬೆಗೆ ಏರಿತು, ಒಂದು ಎಲೆ ದಾಟಿತು, ಎರಡನೆಯದಕ್ಕೆ ಕಾಲಿಟ್ಟಿತು. ಈ ಸಲವೂ ಅವನಿಗೆ ಏಟು ಕಾಣಲಿಲ್ಲ. ಮುಗಿದ ಕೈ ಮುಗಿದಂತೆಯೇ ಇತ್ತು, ನಡುವೆ ನೊಣವಿತ್ತು. ಆಮೇಲೆ ಸೌತೆಕಾಯಿ ಕಡಿಯುವಂಥ ಸಣ್ಣ ಸದ್ದು, ಅಷ್ಟು ಸಣ್ಣದು, ಕೇಳಿಸಿತೋ ಕಲ್ಪನೆಯೋ. ಎಷ್ಟು ಅಚ್ಚುಕಟ್ಟಾಗಿ ತಿನ್ನುತ್ತದೆ! ಒಂದು ರೆಕ್ಕೆ ಬೇರೆಯಾಗಿ ಹುಗ್ಗಿಯ ಮೇಲೆ ಬಿತ್ತು. ಅವನಿಗೆ ಖುಷಿಯಾಯಿತು. ಬಚ್ಚಿಡಲಾಗದಂಥ ಖುಷಿ.

“ತಲೀನ ಮದಲ ತಿಂತಾನೇನೋ?”

ಅವ್ವನ ದನಿ ಅವನ ಕಿವಿಯ ಪಕ್ಕದಲ್ಲೇ ಇತ್ತು. ಯಾವಾಗ ಎದ್ದಳೋ, ಮಂಡಿಯೂರಿ, ಅವನ ಭುಜ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು ತಂಬಿಗೆಯ ಮೇಲೆ ಬಾಗಿದ್ದಳು.

“ಅವ್ವಾ, ನಾ... ಅವರು ಅಯ್ನೋರಲ್ಲವ್ವಾ. ನಾ ನಾನಾ ಪ್ಯಾಟಿಗೆ ಹೋಗಲ ಇಲ್ಲ. ಚ್ಯಾಷ್ಟಿಗೆ ಅಂದಿದ್ದೆ.”

“ಹುಳಾ ಅಂತ ನನಗ ತಿಳಿಯೂದಿಲ್ಲೇನು? ಕಣ್ಣು ಮಂಜಾಗ್ಯಾವ, ಕುಲ್ಡಿ ಆಗಿಲ್ಲ ನಾ.” ಅವಳು ಹುಳುವಿನಿಂದ ಕಣ್ಣು ತೆಗೆಯಲಿಲ್ಲ. “ನೀ ಕರಕೊಂಡು ಬಂದಿ, ನಾ ಬರ್ರಿ ಅಂದೆ. ಅಂದ ಮ್ಯಾಲ ಹುಳಾ ಆದ್ರೇನು, ಹುಲಿ ಆದ್ರೇನು, ಹಸಕೊಂಡು ಕೂಡಬಾರದು. ಇದ ತಿಂತಾನಂತ ಗೊತ್ತಿತ್ತೇನು ನಿನಗ?”

“ಗೊತ್ತಿತ್ತವ್ವಾ.”

“ಮದಲಿಂದ?”

“ಮದಲಿಂದ.”

ಬಯ್ಯುತ್ತಾಳೆಂದು ಕಾದ. ಅವಳು ಕೈಚಾಚಿ ಹುಗ್ಗಿಯ ಮೇಲೆ ಬಿದ್ದ ರೆಕ್ಕೆಯನ್ನು ಉಗುರಿನಿಂದ ಎತ್ತಿ ಬದಿಗಿಟ್ಟಳು.

“ಆ ನೊಣಾ ನನ್ನ ಹುಗ್ಗಿ ಉಂಡಿತ್ತಲ್ಲ,” ಎಂದಳು ಕೊನೆಗೆ, ಲೆಕ್ಕ ಹಾಕುವವಳಂತೆ. “ಉಂಡಿದ್ದು ನಾ ನೋಡೀನಿ. ಹಂಗಾದ್ರ ಇವ್ರೂ ನನ್ನ ಹುಗ್ಗೀನ ಉಂಡಂಗಾತು.” ಆಮೇಲೆ ಬಿದ್ದ ಬೀಸಣಿಗೆಯನ್ನು ಕಾಲಿನಿಂದ ಆಚೆ ತಳ್ಳಿದಳು. “ಒಂದಕ್ಕ ಏನ್ ಹೊಟ್ಟಿ ತುಂಬತದ? ಸುಮ್ನ ಕೂಡು, ಅಲುಗಾಡಬ್ಯಾಡ. ಇನ್ನೊಂದು ಬರ್ಲಿ. ಪಂಕ್ತ್ಯಾಗ ಕೂತವರಿಗೆ ಒಮ್ಮೆ ಬಡಿಸಿ ಕೈ ತೊಳ್ಕೊಂಡ್ರ ಅದೇನು ಊಟ ಹಾಕಿದಂಗ?”

ತಾಯಿ ಮಗ ಇಬ್ಬರೂ ಉಸಿರು ಬಿಗಿಹಿಡಿದು ಕೂತರು. ಎರಡನೆಯ ನೊಣ ತಂಬಿಗೆಯ ಕಡೆ ಬಂದಾಗ ಅವ್ವನ ಬೆರಳು ಅವನ ಭುಜವನ್ನು ಅಮುಕಿದವು. ಏಟು ಬಿದ್ದಾಗ ಅವಳ ಬಾಯಿಂದ “ಹಾ!” ಎಂಬ ಸದ್ದು ಹೊರಟಿತು. ಅದು ಮರುಕವೋ ಮೆಚ್ಚುಗೆಯೋ ಈರಬಸಪ್ಪನಿಗೆ ತಿಳಿಯಲಿಲ್ಲ. ಅವಳ ಮುಖ ನೋಡಿದ. ಇಷ್ಟು ವರ್ಷ ಅವನು ಅವ್ವನ ನೇಮಕ್ಕೆ ಹೆದರಿದ್ದ, ಇರುವೆಗೆ ದಾರಿ ಬಿಡುವ ಅವಳ ಪಾದಕ್ಕೆ ಹೆದರಿದ್ದ. ಹುಳು ತಿನ್ನುವುದನ್ನು ಬಾಯಿ ಕಳೆದು ನೋಡುತ್ತಿರುವ, ಹಸಿವಿನಿಂದ ಗಲ್ಲ ಒಳಗೆ ಹೋದ ಈ ಮುದುಕಿಯನ್ನು ಅವನು ನೋಡಿಯೇ ಇರಲಿಲ್ಲ. ತನ್ನ ಮಾನ ಉಳಿಸಿಕೊಳ್ಳಲು ಇವಳನ್ನು ಉಪವಾಸ ಕೆಡವಿದೆ ಎನಿಸಿತು.

ಹುಳು ತಿಂದು ಮುಗಿಸಿ ಮುಂಗೈಯನ್ನು ಬಾಯಿಗೆ ತಂದು ಬೆಕ್ಕಿನಂತೆ ನೆಕ್ಕಿಕೊಳ್ಳತೊಡಗಿತು. “ಕೈ ತೊಳಕೊಂಡ್ರು,” ಎಂದು ಅವ್ವ ಹಿಂದಕ್ಕೆ ಒರಗಿದಳು. “ರುದ್ರವ್ವಾ, ನನಗೀಗ ಎಡಿ ಮಾಡವಾ.”

ರುದ್ರವ್ವ ಬಿಸಿ ಅನ್ನ, ಹಾಲು ಕಲಸಿ ತಂದಿಟ್ಟಳು. ಅವ್ವ ತುತ್ತು ಮಾಡಿದಳು. ಎತ್ತುವಷ್ಟರಲ್ಲಿ ಅನ್ನ ಸೆರಗಿನ ಮೇಲೆ ಚೆಲ್ಲಿತು. ಮತ್ತೆ ಮಾಡಿದಳು, ಮತ್ತೆ ಚೆಲ್ಲಿತು. ಈರಬಸಪ್ಪ ತಾಟು ತನ್ನ ಕಡೆ ಎಳೆದುಕೊಂಡ. ಬಲಗೈ ಚಾಚಿದವನು ಅಂಗೈ ನೋಡಿ ತಟ್ಟನೆ ಹಿಂದಕ್ಕೆ ತೆಗೆದುಕೊಂಡು ಎದ್ದ.

“ಎಲ್ಲಿಗೆ?”

“ಕೈ ತೊಳಕೊಂಡು ಬರ್ತೀನವ್ವಾ. ಇದರಾಗ ನೊಣಾ...”

“ಸತ್ತಿತ್ತು. ಗೊತ್ತದ. ನಾ ಮಲಗಿರಲಿಲ್ಲ.” ಅವ್ವ ಅವನ ಮಣಿಕಟ್ಟು ಹಿಡಿದಳು. ಹಿಡಿತದಲ್ಲಿ ಕಸುವಿರಲಿಲ್ಲ, ಬಿಡಿಸಿಕೊಳ್ಳುವುದು ಸುಲಭವಿತ್ತು. “ತೊಳಿಯೂದಕ್ಕ ಆಮ್ಯಾಲ ಹೋಗ್ವಿಯಂತ. ನನಗ ಹಸಿವ್ಯಾಗೇದೋ ತಮ್ಮಾ. ಅದ ಕೈಲೆ ಕೊಡು.”

ಅವನು ಕೂತು ತುತ್ತು ಮಾಡಿದ. ಅವಳು ಬಾಯಿ ತೆರೆದಳು.